ಸೋನಾ ಮಸೂರಿ ಒಂದು ಕಾಳು

ಕಾರಟಗಿ
9 ಅಕ್ಟೋಬರ್ 2024

ಅನ್ನಪೂರ್ಣಾ,

ನಾನು, ನಿಮ್ಮವ್ವ ಇಬ್ಬರೂ ಗಟ್ಟಿಯಾಗಿದ್ದೇವೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀ ಅಂತ ತಿಳಿದುಕೊಂಡು ಮುಂದಿನ ಮಾತಿಗೆ ಬರುತ್ತೇನೆ.

ಮೊಬೈಲಿನಲ್ಲಿ ಮೆಸೇಜು ಹಾಕು ಅಂತ ನೀನು ಎಷ್ಟು ಬಡಕೊಂಡರೂ ನಾನು ಕಾಗದ ಬರೆಯುವವನೇ. ಮೂವತ್ತನಾಲ್ಕು ವರ್ಷ ಅಕ್ಕಿ ಮಿಲ್ಲಿನ ಸಪ್ಪಳದಲ್ಲಿ ಫಿಟ್ಟರ್ ಕೆಲಸ ಮಾಡಿ ಕಿವಿ ಕಳೆದುಕೊಂಡವನಿಗೆ ಫೋನು ಯಾಕೆ? ಆ ಗಾಜಿನ ಮೇಲೆ ನನ್ನ ಒಂದು ಬೆರಳಿಟ್ಟರೆ ಮೂರು ಅಕ್ಷರ ಬೀಳುತ್ತವೆ. ಇನ್ನು ಕಾಗದ ಅಂದಮೇಲೆ ಪುಸ್ತಕದ ಕನ್ನಡದಲ್ಲೇ ಬರೆಯಬೇಕು ಅಂತ ನಮ್ಮ ಏಳನೆಯ ಇಯತ್ತೆಯ ಮಾಸ್ತರು ಹೊಡೆದು ಕಲಿಸಿದ್ದಾರೆ. ನಗಬೇಡ.

ಸಂಗತಿ ಏನೆಂದರೆ, ನಮ್ಮ ಮಿಲ್ಲಿನ ತೂಕದ ಕಟ್ಟೆಯ ಕಂಪ್ಯೂಟರು ಹಟ ಹಿಡಿದಿದೆ. ಮುಂಜಾನೆ ಚಾಲೂ ಮಾಡಿದರೆ ಹತ್ತು ಟ್ರ್ಯಾಕ್ಟರ್ ತೂಗುವುದರೊಳಗೆ ತಾನೇ ಬಂದ್ ಆಗುತ್ತದೆ. ಅರ್ಧ ತಾಸು ಬಿಟ್ಟರೆ ಮತ್ತೆ ಜೀವ ಬರುತ್ತದೆ. ಅಲ್ಲಿ ಕೂತು ಚೀಟಿ ಕೊಡುವ ತಿರುಪತಿ "ಇದಕ್ಕ ದೆವ್ವ ಬಡದೈತಿ ಕಾಕಾ" ಅನ್ನುತ್ತಾನೆ. ಯಾವನೋ ಒಬ್ಬ ಮೆಕ್ಯಾನಿಕ್ ಬಂದು, ಹೊರಗಿನಿಂದಲೇ ನೋಡಿ, "ಇದರ ಆಯುಷ್ಯ ಮುಗೀತು, ಹೊಸಾದು ತೊಗೋರಿ" ಅಂದು ಚಹಾ ಕುಡಿದು ಹೋದ. ನನಗೆ ಮೈಯೆಲ್ಲ ಉರಿಯಿತು. ಮುಟ್ಟಿ ನೋಡದೆ ಸತ್ತಿದೆ ಅನ್ನುವವನು ಎಂಥ ಮೆಕ್ಯಾನಿಕ್?

ಆಮೇಲೆ ನಾನೇ ಅದರ ಪಕ್ಕಕ್ಕೆ ಅಂಗೈ ಇಟ್ಟೆ. ಗ್ರೀಸ್ ಕಾಣದ ಬೇರಿಂಗಿನಂತೆ ಕಾದಿತ್ತು. ಕಿವಿ ಹೋದರೂ ಕೈ ಹೋಗಿಲ್ಲ ನೋಡು. ಒಳಗೆ ಏನೋ ಒಣಗಿದೆ ಅಂತ ಪ್ರಭುರಾಜ ಸಾಹುಕಾರರಿಗೆ ಹೇಳಿದೆ. ಅವರು ನಕ್ಕರು. "ಲಕ್ಷ್ಮಣಪ್ಪ, ನೀ ರಿಟೈರ್ ಆಗಿ ಎರಡು ವರ್ಷ ಆತು. ಇದು ಕಂಪ್ಯೂಟರೋ ಮಾರಾಯ, ಭತ್ತ ಸುಲಿಯೋ ನಿನ್ನ ಹಲ್ಲರ್ ಅಲ್ಲ" ಅಂದರು. ಅವರ ತುಟಿ ಓದಿ ತಿಳಿದುಕೊಂಡೆ. "ನನ್ನ ಮಗಳು ಕೊಪ್ಪಳದಾಗ ಅದ ಕೆಲಸ ಮಾಡ್ತಾಳ್ರಿ. ಆಕಿನ್ನ ಕೇಳ್ತೀನಿ" ಅಂದೆ. ಅಂಗಳದಲ್ಲಿದ್ದ ಎಲ್ಲರಿಗೂ ಕೇಳುವಂತೆ ಅಂದೆ. ಈಗ ನನ್ನ ಧ್ವನಿ ಹೇಗೂ ದೊಡ್ಡದು.

ಬೇಗ ಬರೆ. ಒಳಗೆ ಒಣಗಿದ್ದು ಏನು?

ನಿನ್ನ ಅಪ್ಪ
ಲಕ್ಷ್ಮಣಪ್ಪ

~

ಕೊಪ್ಪಳ
16 ಅಕ್ಟೋಬರ್ 2024

ಅಪ್ಪಾ,

ಹೊತ್ತಿಗೆ ಸರಿಯಾಗಿಯೇ ಉಣ್ಣುತ್ತಿದ್ದೇನೆ ಅಂತ ಅವ್ವಗೆ ಹೇಳು. ನೀನು ಕೇಳಿದ್ದಕ್ಕೆ ಉತ್ತರ ಕೊಡುವ ಮೊದಲು ಒಂದು ಮಾತು. ನಿನ್ನ ಕಾಗದವನ್ನು ನಮ್ಮ ರಿಪೇರಿ ಅಂಗಡಿಯ ಮಾಲೀಕ ಜಿಲಾನಸಾಬರಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು, "ಡಬ್ಬಿ ತೆಗೀದನ ರೋಗ ಹಿಡದಾರಲ್ಲ ನಿಮ್ಮಪ್ಪ! ಬೇಟಾ, ಆ ಕೈ ನಮ್ಮ ಅಂಗಡ್ಯಾಗ ಇರಬೇಕಿತ್ತು" ಅಂದರು. ನಾನು ಆ ದಿನವೆಲ್ಲ ಕೊಬ್ಬಿಕೊಂಡೇ ಓಡಾಡಿದೆ.

ನೀನು ಹೇಳಿದ್ದೇ ನಿಜ. ಕಂಪ್ಯೂಟರಿನ ಒಳಗೆ ಪ್ರೊಸೆಸರ್ ಅಂತ ಇರುತ್ತದೆ. ಈ ಲಕೋಟೆಗೆ ಹಚ್ಚಿದ ಅಂಚೆ ಚೀಟಿಯಷ್ಟೇ ಅಗಲ, ಆದರೆ ಎಲ್ಲ ಲೆಕ್ಕ ಮಾಡುವುದು ಅದೇ, ಕಾಯುವುದೂ ಅದೇ. ಆ ಕಾವು ಹೀರಿಕೊಳ್ಳಲಿಕ್ಕೆ ಅದರ ತಲೆಯ ಮೇಲೆ ಹಲ್ಲುಹಲ್ಲಾದ ಅಲ್ಯೂಮಿನಿಯಂ ಗಟ್ಟಿ, ಅದರ ಮೇಲೆ ಫ್ಯಾನು. ಎರಡು ಲೋಹದ ನಡುವೆ ಒಂದು ಪೇಸ್ಟ್ ಸವರಿರುತ್ತಾರೆ. ನಿಮ್ಮ ಮಿಲ್ಲಿನ ಕಾವಿಗೂ ತೌಡಿನ ಧೂಳಿಗೂ ಅದು ಒಣಗಿ ಹಳೆಯ ಗೋಡೆಯ ಸುಣ್ಣದಂತೆ ಉದುರುತ್ತಿರಬೇಕು. ಅದನ್ನು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬದಲಿಸಬೇಕು. ದೆವ್ವ ಗಿವ್ವ ಏನಿಲ್ಲ ಅಂತ ತಿರುಪತಿಗೆ ಹೇಳು.

ನಾನೇ ಬರುತ್ತಿದ್ದೆ. ಆದರೆ ದೀಪಾವಳಿಯವರೆಗೆ ಯಲಬುರ್ಗಾದ ಎರಡು ಶಾಲೆಗಳ ಕಂಪ್ಯೂಟರುಗಳ ಕೆಲಸ ನನ್ನ ತಲೆಯ ಮೇಲಿದೆ. ಅದಕ್ಕೇ ಈ ರಟ್ಟಿನ ಲಕೋಟೆಯಲ್ಲಿ ಪೇಸ್ಟಿನ ಟ್ಯೂಬು ಇಟ್ಟಿದ್ದೇನೆ. ಅಪ್ಪಾ, ನಿನ್ನ ಕೈ ಮೇಲೆ ನನಗೆ ನಂಬಿಕೆ ಇದೆ. ಕರೆಂಟಿನ ವಾಯರು ಮೊದಲು ಕಿತ್ತು ಬಿಡು. ಧೂಳು ಊದಿಸು. ಗಟ್ಟಿಯ ನಾಲ್ಕು ಸ್ಕ್ರೂ ಮೂಲೆಗೆ ಮೂಲೆ ಬಿಚ್ಚು, ಹಳೆಯ ಪೇಸ್ಟನ್ನು ಸ್ಪಿರಿಟಿನಲ್ಲಿ ಅದ್ದಿದ ಅರಿವೆಯಿಂದ ಕನ್ನಡಿಯಂತೆ ಆಗುವವರೆಗೆ ಒರೆಸು. ಆಮೇಲೆ ನಡುವೆ ಒಂದು ಅಕ್ಕಿ ಕಾಳಿನಷ್ಟು ಪೇಸ್ಟ್. ಅಷ್ಟೇ. ಗಟ್ಟಿ ಕೂಡಿಸಿದಾಗ ಅದು ತಾನೇ ಹರಡಿಕೊಳ್ಳುತ್ತದೆ.

ಇನ್ನೊಂದು ಸುದ್ದಿ. ಕಾರಟಗಿ ಕಡೆಯ ಹನ್ನೊಂದು ಮಿಲ್ಲುಗಳ ಕಂಪ್ಯೂಟರುಗಳನ್ನು ವರ್ಷಪೂರ್ತಿ ನೋಡಿಕೊಳ್ಳುವ ಕೆಲಸ ನಮ್ಮ ಅಂಗಡಿಗೆ ಬರುವ ಮಾತು ನಡೆದಿದೆ. ಬಂದರೆ ಪೂರಾ ನನ್ನ ಕೈಗೇ ಕೊಡುತ್ತೇನೆ ಅಂತ ಜಿಲಾನಸಾಬರು ಹೇಳಿದ್ದಾರೆ. ಮಿಲ್ಲಿನವರೆಲ್ಲ ಪ್ರಭುರಾಜ ಸಾಹುಕಾರರ ಮಾತು ಕೇಳುವವರು. ಇಲ್ಲಿಗೆ ಬಂದವರು ನನ್ನ ಮುಖ ನೋಡಿ ಈಗಲೂ "ಮೆಕ್ಯಾನಿಕ್ ಎಲ್ಲಿ ಹೋಗ್ಯಾನವ್ವಾ?" ಅಂತ ಕೇಳುತ್ತಾರೆ. ಸ್ಕ್ರೂಡ್ರೈವರ್ ನನ್ನ ಕೈಯಲ್ಲಿರುವಾಗಲೇ ಕೇಳುತ್ತಾರೆ ಅಪ್ಪಾ. ಆ ಹನ್ನೊಂದು ಮಿಲ್ಲು ನನಗೆ ಬೇಕು.

ನಿನ್ನ
ಅನ್ನಪೂರ್ಣ

~

ಕಾರಟಗಿ
27 ಅಕ್ಟೋಬರ್ 2024

ಅನ್ನಪೂರ್ಣಾ,

ಕೆಲಸ ಮುಗಿಯಿತು! ಮೂರು ದಿನದಿಂದ ಕಂಪ್ಯೂಟರು ಒಮ್ಮೆಯೂ ಬಂದ್ ಆಗಿಲ್ಲ. ತಿರುಪತಿಗೆ ಈಗ ಮೂತ್ರಕ್ಕೆ ಹೋಗಲಿಕ್ಕೂ ಪುರುಸೊತ್ತಿಲ್ಲ.

ನೀನು ಬರೆದಂತೆಯೇ ಬಿಚ್ಚಿದೆ, ಊದಿದೆ, ಒರೆಸಿದೆ. ಒಳಗಿನಿಂದ ಒಂದು ಬೊಗಸೆ ತೌಡು ಬಂತು, ಎಮ್ಮೆಗೆ ಹಾಕಬಹುದಿತ್ತು. ಅಕ್ಕಿ ಕಾಳಿನಷ್ಟು ಅಂತ ಬರೆದೆಯಲ್ಲ, ಯಾವ ಅಕ್ಕಿ? ಮಿಲ್ಲಿನವನ ಮಗಳಾಗಿ ಅಷ್ಟು ಗೊತ್ತಾಗಬಾರದೇ? ಸೋನಾ ಮಸೂರಿ ಬೇರೆ, ಆರೆನ್ನಾರ್ ಬೇರೆ, ದಪ್ಪಕ್ಕಿ ಬೇರೆ. ಯಾವುದಾದರೂ ಒಂದು ಕಾಳು ನನಗೆ ಜಿಪುಣರ ಮನೆಯ ಊಟ ಅನಿಸಿತು. ಇರಲಿ, ನನಗೆ ಸರಿ ಕಂಡಂತೆ ಸರಿ ಮಾಡಿದ್ದೇನೆ.

ಈಗ ದೊಡ್ಡ ಮಾತು. ನಮ್ಮ ಮಿಲ್ಲಿನ ಗ್ರೀಸ್ ಕಾರ್ಡು ನಿನಗೆ ನೆನಪಿದೆ. ಪ್ರತಿ ಯಂತ್ರದ ಕೊರಳಿಗೆ ತಂತಿಯಲ್ಲಿ ಒಂದು ಕಾರ್ಡು. ಅದರಲ್ಲಿ ಯಾವ ತಾರೀಖು, ಏನು ಹಾಕಿದ್ದು, ಮುಂದೆ ಯಾವಾಗ, ಕೊನೆಗೆ ಯಾರ ಕೈ. ಮುಂದಿನ ತಾರೀಖಿನೊಳಗೆ ಯಂತ್ರ ಕೆಟ್ಟರೆ ಆ ಹೆಸರಿನ ಮೇಲೆ ಸಾಹುಕಾರರು ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಾರೆ. ಮೂವತ್ತನಾಲ್ಕು ವರ್ಷದಲ್ಲಿ ನನ್ನ ಹೆಸರಿನ ಮೇಲೆ ಒಂದೂ ಗೆರೆ ಇಲ್ಲ. ಇದು ನಿನಗೆ ಗೊತ್ತಿದ್ದರೂ ಮತ್ತೊಮ್ಮೆ ಬರೆಯಲಿಕ್ಕೆ ನನಗೆ ಖುಷಿ.

ಕಂಪ್ಯೂಟರಿಗೆ ಇಷ್ಟು ವರ್ಷ ಕಾರ್ಡೇ ಇರಲಿಲ್ಲ. ನಾನು ಹೊಸದು ಮಾಡಿ ತೂಗುಹಾಕಿದೆ. ಮುಂದಿನ ತಾರೀಖು ಅಂತ ಒಂದು ವರ್ಷ ಬರೆದೆ. ಕೈ ಅನ್ನುವಲ್ಲಿ ಏನು ಬರೆದೆ ಗೊತ್ತೇ? ಅನ್ನಪೂರ್ಣ. ಹೇಳಿದ್ದು ನೀನು, ನಾನು ಬರೀ ಸ್ಕ್ರೂ ತಿರುಗಿಸಿದವನು. ನಿಮ್ಮವ್ವ ಆ ಅಂಗಳ ಗುಡಿಸಲಿಕ್ಕೆ ಹತ್ತಿ ಇಪ್ಪತ್ತು ವರ್ಷವಾಯಿತು. ಆ ಮಿಲ್ಲಿನಲ್ಲಿ ಒಂದು ಹೆಣ್ಣಿನ ಹೆಸರು ಯಂತ್ರದ ಕೊರಳಿಗೆ ಬಿದ್ದಿದ್ದು ಇದೇ ಮೊದಲು. ಸಾಹುಕಾರರು ಕಾರ್ಡು ಓದಿ ಹುಬ್ಬು ಏರಿಸಿದರು. ನಾನು ಎದೆ ಏರಿಸಿದೆ.

ಹಬ್ಬಕ್ಕೆ ಬಾ.

ನಿನ್ನ ಅಪ್ಪ
ಲಕ್ಷ್ಮಣಪ್ಪ

~

ಕೊಪ್ಪಳ
21 ನವೆಂಬರ್ 2024

ಅಪ್ಪಾ,

ಹಬ್ಬಕ್ಕೆ ಬಂದಾಗ ಎಲ್ಲ ಚೆನ್ನಾಗಿತ್ತು. ಆ ಕಾರ್ಡು ನೋಡಿ ನನ್ನ ಕಣ್ಣು ತುಂಬಿದ್ದು ನೀನು ನೋಡಿದ್ದೀ. ಡಬ್ಬಿ ಬಿಚ್ಚಿ ಒಳಗೆ ನೋಡಲೇ ಅಂತ ನಾನು ಕೇಳಿದಾಗ ನೀನು "ಹಬ್ಬದಾಗ ಬ್ಯಾಡ ಬಿಡು" ಅಂದೆ. ಅದು ಈಗ ನೆನಪಾಗುತ್ತಿದೆ.

ಮೊನ್ನೆ ಪ್ರಭುರಾಜ ಸಾಹುಕಾರರು ಜಿಲಾನಸಾಬರಿಗೆ ಫೋನ್ ಮಾಡಿದ್ದರು. ಕಂಪ್ಯೂಟರು ಪೂರಾ ಸತ್ತಿದೆಯಂತೆ. ಸುಗ್ಗಿಯ ನಡುವೆ, ನಲವತ್ತು ಟ್ರ್ಯಾಕ್ಟರ್ ರಸ್ತೆಯವರೆಗೆ ನಿಂತಿರುವಾಗ. ತಿರುಪತಿ ಕೈಯಲ್ಲಿ ಚೀಟಿ ಬರೆದು ಬರೆದು ಅಳುವಂತಾಗಿದ್ದಾನಂತೆ. ಸಾಹುಕಾರರು ಅಂದದ್ದು ಇಷ್ಟು: "ನಿಮ್ಮ ಅಂಗಡಿ ಹುಡುಗಿ ಹೆಸರಿನ ಕಾರ್ಡ ಇಲ್ಲಿ ತೂಗಾಡಾಕತ್ತೈತಿ. ವರ್ಷ ಅಂತ ಬರದಾಳ, ತಿಂಗಳೂ ಬಾಳಲಿಲ್ಲ. ಹನ್ನೊಂದು ಮಿಲ್ಲಿನ ಮಾತು ಮರತಬಿಡ್ರಿ."

ಜಿಲಾನಸಾಬರು ಫೋನ್ ಇಟ್ಟು, "ಬೇಟಾ, ಇದು ನಿನ್ನ ಕೈ ಹೌದೋ ಅಲ್ಲೋ?" ಅಂತ ಕೇಳಿದರು. ನಾನು ಆ ಯಂತ್ರವನ್ನು ಮುಟ್ಟಿಯೇ ಇಲ್ಲ. ಅಷ್ಟು ಹೇಳಿದ್ದರೆ ನನ್ನ ಹೆಸರು ಉಳಿಯುತ್ತಿತ್ತು. ಆದರೆ ಹಾಗಾದರೆ ಯಾರ ಕೈ ಅಂತ ಅವರು ಕೇಳುತ್ತಿದ್ದರಲ್ಲ. ಗೆರೆ ಬೀಳದ ಮೂವತ್ತನಾಲ್ಕು ವರ್ಷದ ಬಗ್ಗೆ ಸಣ್ಣವಳಿದ್ದಾಗಿಂದ ಕೇಳಿಕೊಂಡು ಬೆಳೆದವಳು ನಾನು.

ಬೇರೆ ಯಾರಿಗೂ ಬೇಡ, ನನಗೊಬ್ಬಳಿಗೆ ಹೇಳು ಅಪ್ಪಾ. ಆ ಟ್ಯೂಬಿನ ಪೇಸ್ಟ್ ಕಾಳಿನಷ್ಟು ಹಾಕಿದ್ದರೆ ಸಾಯುವ ಯಂತ್ರ ಅಲ್ಲ ಅದು. ಒಳಗೆ ಏನು ಹಾಕಿದೆ?

ಅನ್ನಪೂರ್ಣ

~

ಕಾರಟಗಿ
25 ನವೆಂಬರ್ 2024

ಅನ್ನಪೂರ್ಣಾ,

ಕಾಗದ ಮುಟ್ಟಿತು. ಈ ವರ್ಷ ಧೂಳು ಬಹಳ. ಯಂತ್ರವೂ ಹಳೆಯದು. ಕರೆಂಟು ಹೋಗಿ ಬಂದು ಮಾಡುತ್ತಿತ್ತು, ಅದರಿಂದಲೂ ಆಗಿರಬಹುದು.

ನಿಮ್ಮವ್ವನ ಮೊಣಕಾಲು ಈಗ ಪರವಾಗಿಲ್ಲ. ನಿನ್ನ ಕಾಗದವನ್ನು ಆಕೆಗೆ ಓದಿ ಹೇಳಿದೆ. ಎರಡು ದಿನದಿಂದ ನನ್ನ ಕೂಡ ಮಾತಾಡಿಲ್ಲ. ಮಾತಾಡಿದರೂ ನನಗೆ ಕೇಳುವುದಿಲ್ಲ ಅನ್ನು. ಆದರೆ ತುಟಿ ಅಲ್ಲಾಡದಿದ್ದರೆ ಗೊತ್ತಾಗುತ್ತದೆ.

ಲಕ್ಷ್ಮಣಪ್ಪ

~

ಕಾರಟಗಿ
4 ಡಿಸೆಂಬರ್ 2024

ಅನ್ನಪೂರ್ಣಾ,

ಹಿಂದಿನ ಕಾಗದ ಹರಿದು ಒಲೆಗೆ ಹಾಕು. ಅದು ನಾನು ಬರೆದದ್ದಲ್ಲ, ನನ್ನ ಅಂಜಿಕೆ ಬರೆದದ್ದು.

ನಿನ್ನ ಪೇಸ್ಟನ್ನು ಒಂದು ಕಾಳಿನಷ್ಟೇ ಹಾಕಿದೆ. ಅದು ನಿಜ. ಆದರೆ ಅಷ್ಟು ಹಾಕಿ ಮುಚ್ಚಲಿಕ್ಕೆ ಕೈ ಒಪ್ಪಲಿಲ್ಲ. ಬೀಗರಿಗೆ ಎಲೆಯ ತುದಿಗೆ ಉಪ್ಪು ಬಡಿಸಿ, ಏಳ್ರಿ ಅಂದಂತೆ ಅನಿಸಿತು. ಈ ಕೈ ಬೇರಿಂಗಿಗೆ ಗ್ರೀಸನ್ನು ಹಿಡಿಹಿಡಿಯಾಗಿ ತುಂಬಿದ ಕೈ. ಕಡಿಮೆ ಹಾಕಿ ಯಾವ ಯಂತ್ರವೂ ಬದುಕಿದ್ದನ್ನು ನಾನು ನೋಡಿಲ್ಲ. ಡಬ್ಬಿಯಿಂದ ಹಳದಿ ಗ್ರೀಸ್ ಎರಡು ಬೆರಳು ತೆಗೆದು ನಿನ್ನ ಕಾಳಿನ ಮೇಲೆ ಬಳಿದೆ. ಮೂರು ವಾರ ನಡೆಯಿತು. ಆಮೇಲೆ ಕಾವಿಗೆ ಕರಗಿ ಕೆಳಗೆ ಇಳಿಯಿತು, ಅದಕ್ಕೆ ತೌಡು ಹತ್ತಿಕೊಂಡಿತು. ಹಬ್ಬದಲ್ಲಿ ನೀನು ಬಿಚ್ಚಿ ನೋಡುತ್ತೇನೆ ಅಂದಾಗ ತಡೆದದ್ದೂ ಆ ಗ್ರೀಸ್ ನಿನ್ನ ಕಣ್ಣಿಗೆ ಬೀಳಬಾರದು ಅಂತಲೇ. ತಪ್ಪಾತವ್ವಾ. ಇದನ್ನು ಪುಸ್ತಕದ ಕನ್ನಡದಲ್ಲಿ ಬರೆಯಲಿಕ್ಕೆ ನನಗೆ ಬರುತ್ತಿಲ್ಲ.

ತಪ್ಪಿಗಿಂತ ದೊಡ್ಡ ತಪ್ಪು ಅಂದರೆ, ನನ್ನ ಕೈಯ ಕೆಲಸಕ್ಕೆ ನಿನ್ನ ಹೆಸರು ಬರೆದೆ. ಮಗಳ ಹೆಸರು ತೂಗಾಡಬೇಕು ಅನ್ನುವ ಆಸೆ. ಆಸೆ ಏನೋ ಚಲೋದೇ. ಆದರೆ ಕಾರ್ಡು ಸುಳ್ಳಾಯಿತು. ನನ್ನ ಆಯುಷ್ಯದಲ್ಲಿ ನಾನು ಬರೆದ ಒಂದೇ ಸುಳ್ಳು ಕಾರ್ಡು ಅದು.

ಸೋಮವಾರ ಮುಂಜಾನೆ ಅಂಗಳ ತುಂಬಿರುವಾಗಲೇ ಹೋದೆ. ಸಾಹುಕಾರರನ್ನು ತೂಕದ ಕಟ್ಟೆಗೆ ಕರೆದೆ. ಕಾರ್ಡು ಇಳಿಸಿ ನಿನ್ನ ಹೆಸರು ಹೊಡೆದುಹಾಕಿದೆ, ಕೆಳಗೆ ಲಕ್ಷ್ಮಣಪ್ಪ ಅಂತ ಬರೆದೆ. "ಸಾಹುಕಾರ್ರ, ಇದು ನನ್ನ ಕೈ. ಆಕಿ ಮುಟ್ಟೇ ಇಲ್ಲ. ಆಕಿ ಹೇಳಿದಂಗ ನಾ ಮಾಡಲಿಲ್ಲ, ಅದಕ್ಕ ಕೆಟ್ಟೈತಿ. ಗೆರಿ ಎಳೀರಿ" ಅಂದೆ. ಅವರು ಕೆಂಪು ಪೆನ್ಸಿಲ್ ಮುಟ್ಟಲೇ ಇಲ್ಲ. "ನಿನ್ನ ಹೆಸರಿನ ಮ್ಯಾಲೆ ನಾ ಗೆರಿ ಎಳಿಯೂದಿಲ್ಲೋ ಲಕ್ಷ್ಮಣಪ್ಪ, ಸುಮ್ನ ಮನಿಗೆ ಹೋಗು" ಅಂದರು. ಆಗ ನಾನೇ ಒಳಗೆ ಹೋಗಿ ಅವರ ಮೇಜಿನ ಖಾನೆಯಿಂದ ಪೆನ್ಸಿಲ್ ತಂದು ಎಳೆದೆ. ನೆಟ್ಟಗೆ ಎಳೆದೆ. ಸುತ್ತಲಿದ್ದವರು ಏನೇನೋ ಅಂದಿರಬಹುದು. ಕೇಳಿಸದ ಕಿವಿ ಅವತ್ತು ಉಪಯೋಗಕ್ಕೆ ಬಂತು.

ಒಂದು ಮಾತು ಹೇಳಲೇ? ಎದೆ ಹಗುರಾಗುತ್ತದೆ ಅಂತ ಅಂದುಕೊಂಡಿದ್ದೆ. ಹಗುರಾಗಲಿಲ್ಲ, ಅಗಲವಾಯಿತು. ಮನೆಗೆ ಬಂದರೆ ನಿಮ್ಮವ್ವ ಬಿಸಿ ರೊಟ್ಟಿ ಹಾಕಿದಳು. ಇನ್ನೊಂದು ಹಾಕಲೇ ಅಂತ ಅವಳ ತುಟಿ ಅಲ್ಲಾಡಿತು.

ಯಂತ್ರ ಪೂರಾ ಸತ್ತಿಲ್ಲ ಅಂತ ನನ್ನ ಕೈ ಹೇಳುತ್ತದೆ. ಆದರೆ ಈ ಸಲ ಕೈಯ ಮಾತು ಕೇಳಬೇಡ. ನೀನೇ ಬಂದು ನೋಡು.

ಅಪ್ಪ

~

ಕೊಪ್ಪಳ
17 ಡಿಸೆಂಬರ್ 2024

ಅಪ್ಪಾ,

ಭಾನುವಾರ ಅಷ್ಟು ಜನರ ನಡುವೆ ಆಡಲಾಗದ ಮಾತನ್ನು ಇದರಲ್ಲಿ ಬರೆಯುತ್ತೇನೆ.

ಬೈಯಬೇಕು ಅಂತಲೇ ಬಸ್ಸು ಹತ್ತಿದ್ದೆ. ಗಂಗಾವತಿ ದಾಟುವವರೆಗೆ ಮನಸ್ಸಿನಲ್ಲಿ ಬೈದೂ ಬೈದೆ. ಮಿಲ್ಲಿಗೆ ಬಂದರೆ ನೀನು ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಮುಟ್ಟುವುದಿಲ್ಲ ಅಂತ ತೋರಿಸಲಿಕ್ಕೆ. ಯಾವ ಯಂತ್ರದ ಮುಂದೆಯೂ ನಿನ್ನ ಕೈ ಹಾಗೆ ಇದ್ದದ್ದನ್ನು ನಾನು ನೋಡಿರಲಿಲ್ಲ. ಬೈಯುವುದನ್ನು ಬಿಟ್ಟು ಚೀಲದಿಂದ ಸ್ಕ್ರೂಡ್ರೈವರ್ ತೆಗೆದೆ.

ಬಿಚ್ಚಿದಾಗ ಒಳಗೆ ಎಂಥ ರಾಡಿ! ತೌಡು ಗ್ರೀಸು ಕೂಡಿ ಹೋಳಿಗೆಯ ಹೂರಣದಂತಾಗಿತ್ತು. ಪ್ರೊಸೆಸರಿನ ಕೆಳಗಿನ ತಂತಿಯಂಥ ಕಡ್ಡಿಗಳ ಸಂದಿಗೂ ಇಳಿದಿತ್ತು. ಬ್ರಶ್ಶು, ಸ್ಪಿರಿಟು, ಅವ್ವನ ಹಳೆಯ ಸೀರೆಯ ತುಂಡು ಹಿಡಿದು ಎರಡೂವರೆ ತಾಸು ಒರೆಸಿದೆ. ನೀನು ಬ್ಯಾಟರಿ ಹಿಡಿದು ನಿಂತೆ, ಬೆಳಕು ಒಂದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಪೇಸ್ಟ್ ಹಾಕುವಾಗ ನೀನು ಜೇಬಿನಿಂದ ಕಾಗದದ ಪುಡಿಕೆ ತೆಗೆದು ಬಿಚ್ಚಿದೆ. ಅದರಲ್ಲಿ ಮೂರು ಕಾಳು. "ಯಾವ ಅಕ್ಕಿ ಹೇಳು" ಅಂದೆ. ಅಪ್ಪಾ, ನನಗೆ ನಗು ಬಂತು, ಅಳುವೂ ಬಂತು. ಸೋನಾ ಮಸೂರಿ ಅಂತ ಬೆರಳಿಟ್ಟು ತೋರಿಸಿದೆ. ಇನ್ನು ಮುಂದೆ ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ.

ಗ್ರೀಸಿನ ಕೆಲಸ ತುಂಬಿಕೊಳ್ಳುವುದು. ಪೇಸ್ಟಿನದು ಹಾಗಲ್ಲ. ಎರಡು ಲೋಹದ ನಡುವಿನ ಕಣ್ಣಿಗೆ ಕಾಣದ ಗೀರುಗಳನ್ನಷ್ಟೇ ಮುಚ್ಚಿ, ಅವು ಒಂದನ್ನೊಂದು ಮುಟ್ಟಲಿಕ್ಕೆ ಬಿಡಬೇಕು. ಹೆಚ್ಚಾದರೆ ಕಾವು ಮೇಲೆ ಹೋಗಲಿಕ್ಕೆ ಅದೇ ಅಡ್ಡ. ಇದನ್ನು ಮೊದಲನೆಯ ಕಾಗದದಲ್ಲೇ ನಾನು ಬರೆಯಬೇಕಿತ್ತು. ಹೇಗೆ ಮಾಡಬೇಕು ಅಂತ ಬರೆದೆ, ಯಾಕೆ ಅಂತ ಬರೆಯಲಿಲ್ಲ. ಫಿಟ್ಟರಿಗೆ ಯಾಕೆ ಅಂತ ಹೇಳದೆ ಹೀಗೆ ಮಾಡು ಅನ್ನಬಾರದು. ಅಷ್ಟು ತಪ್ಪು ನನ್ನದು.

ಚಾಲೂ ಆದಮೇಲೆ ಎಲ್ಲರೂ ಪರದೆ ನೋಡುತ್ತಿದ್ದರು. ನೀನು ಡಬ್ಬಿಯ ಪಕ್ಕಕ್ಕೆ ಅಂಗೈ ಇಟ್ಟು ಮೂವತ್ತೆರಡು ಟ್ರ್ಯಾಕ್ಟರ್ ತೂಗುವವರೆಗೆ ತೆಗೆಯಲಿಲ್ಲ. ಆಮೇಲೆ ಸಾಹುಕಾರರ ಕಡೆ ತಿರುಗಿ "ತಂಪೈತ್ರಿ" ಅಂದೆಯಲ್ಲ, ಆ ಒಂದು ಮಾತು ನನಗೆ ಸಾಕು. ಹನ್ನೊಂದು ಮಿಲ್ಲಿನ ಕೆಲಸ ನನಗೇ ಅಂತ ಸಾಹುಕಾರರು ಒಪ್ಪಿದ್ದು ಅದಾದಮೇಲೆ.

ಆದರೆ ನಾನು ಕಾರಟಗಿಗೆ ಬರುವ ಮೊದಲೇ ಜಿಲಾನಸಾಬರ ಮನಸ್ಸು ತಿಳಿಯಾಗಿತ್ತು. ಯಾಕೆ ಅಂತ ನಿನ್ನೆ ಗೊತ್ತಾಯಿತು. ಹೋದ ವಾರ ನಾನು ಮತ್ತೆ ಯಲಬುರ್ಗಾಕ್ಕೆ ಹೋದ ದಿನ ನೀನು ಕೊಪ್ಪಳಕ್ಕೆ ಬಂದಿದ್ದೆಯಂತೆ. ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಕೆಂಪು ಗೆರೆಯ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿ, "ಓದ್ರಿ ಸಾಬರ, ನನ್ನ ಹೆಸರು ಓದ್ರಿ" ಅಂದೆಯಂತೆ. ನೀರೂ ಕುಡಿಯದೆ ತಿರುಗಿ ಬಸ್ಸು ಹತ್ತಿದೆಯಂತೆ. "ಬೇಟಾ, ಇಂಥಾ ಸರ್ಟಿಫಿಕೇಟ್ ನಾ ಎಲ್ಲೂ ನೋಡಿಲ್ಲ" ಅಂದರು. ಇದನ್ನು ನೀನು ನನಗೆ ಯಾವ ಕಾಗದದಲ್ಲೂ ಬರೆಯಲಿಲ್ಲ.

ಆ ಕಾರ್ಡು ನನಗೆ ಬೇಕು. ಹರಿಯಬೇಡ, ಒಲೆಗೆ ಹಾಕಬೇಡ. ರಟ್ಟಿನ ಲಕೋಟೆಯಲ್ಲಿಟ್ಟು ಕಳಿಸು. ನನ್ನ ಮೇಜಿನ ಮೇಲೆ, ಬಂದವರಿಗೆ ಮೊದಲು ಕಾಣುವಲ್ಲಿ ಹಾಕುತ್ತೇನೆ. ಇದು ಯಾರ ಹೆಸರು ಅಂತ ಕೇಳಿದರೆ ಹೇಳುತ್ತೇನೆ, ನನಗೆ ಕೆಲಸ ಕಲಿಸಿದವರದು ಅಂತ.

ನಿನ್ನ
ಅನ್ನಪೂರ್ಣ

~

ಕಾರಟಗಿ
20 ಮೇ 2025

ಅನ್ನಪೂರ್ಣಾ,

ಎರಡನೆಯ ಬೆಳೆಯ ಸುಗ್ಗಿಯೂ ಮುಗಿಯಿತು. ಏನು ಬಿಸಿಲು ಅಂತೀ, ತಗಡು ಮುಟ್ಟಿದರೆ ಬೊಬ್ಬೆ. ಅಂಥದರಲ್ಲೂ ನಿನ್ನ ಕಂಪ್ಯೂಟರು ಒಂದು ದಿನ ನಿಲ್ಲಲಿಲ್ಲ. ಉಳಿದ ಹತ್ತು ಮಿಲ್ಲುಗಳಿಗೆ ನೀನು ಬಂದು ಹೋದ ಸುದ್ದಿ ನನಗೆ ನಿನಗಿಂತ ಮೊದಲೇ ಮುಟ್ಟುತ್ತದೆ. ಈಗ ಎಲ್ಲ ಮಿಲ್ಲಿನ ಕಂಪ್ಯೂಟರಿಗೂ ಕಾರ್ಡು ಬಿದ್ದಿದೆಯಂತೆ. ಮೊದಲು ತೂಗುಹಾಕಿದವನು ನಾನು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೇನೆ. ಮೊದಲನೆಯದು ಸುಳ್ಳು ಕಾರ್ಡು ಅನ್ನುವುದನ್ನೂ ಹೇಳುತ್ತೇನೆ.

ನಮ್ಮ ಮಿಲ್ಲಿನ ಕಾರ್ಡನ್ನು ದಿನಾ ನೋಡಿ ಬರುತ್ತೇನೆ. ನಿನ್ನ ಅಕ್ಷರ ನನ್ನದಕ್ಕಿಂತ ಚಲೋ ಇದೆ. ಹಾಕಿದ್ದು: ಪೇಸ್ಟ್, ಸೋನಾ ಮಸೂರಿ ಒಂದು ಕಾಳು. ಕೈ: ಅನ್ನಪೂರ್ಣ. ಓದಿದವರೆಲ್ಲ ನಗುತ್ತಾರೆ, ನಕ್ಕು ಮತ್ತೊಮ್ಮೆ ಓದುತ್ತಾರೆ.

ಹೋದ ವಾರ ನಿಮ್ಮವ್ವ ಅಂಗಳ ಗುಡಿಸುತ್ತ ತೂಕದ ಕಟ್ಟೆಯ ಬಾಗಿಲಿಗೆ ಬಂದು ನಿಂತಳು. ಇಪ್ಪತ್ತು ವರ್ಷ ಆ ಹೊಸ್ತಿಲವರೆಗೆ ಗುಡಿಸಿದ್ದಾಳೆ, ಒಳಗೆ ಕಾಲಿಟ್ಟವಳಲ್ಲ. ಅವತ್ತು ತಿರುಪತಿ ಎದ್ದು "ಬಾ ಗಾಳೆಮ್ಮ ಚಿಗವ್ವ, ಒಳಗ ಬಾ" ಅಂತ ಕುರ್ಚಿ ಸರಿಸಿದ. ಅವಳು ಬಾರಿಗೆಯನ್ನು ಹೊರಗೆ ಗೋಡೆಗೆ ಆನಿಸಿಟ್ಟು ಬಂದಳು. ಅವಳಿಗೆ ಅಕ್ಷರ ಬರುವುದಿಲ್ಲವಲ್ಲ, ಕಾರ್ಡಿನ ಮೇಲೆ ಬೆರಳು ಆಡಿಸುತ್ತ ನನ್ನ ಕಡೆ ನೋಡಿದಳು. "ಇದ ಏನು ಆಕಿ ಹೆಸರು?" ಅಂತ ತುಟಿ ಅಲ್ಲಾಡಿತು. ಅದು ತಾರೀಖು, ಇನ್ನೂ ಕೆಳಗೆ ಅಂದೆ. ಬೆರಳು ಕೆಳಗೆ ಇಳಿಯಿತು. ಇದೇ ಅಂದೆ.

ಬಹಳ ಹೊತ್ತು ಬೆರಳು ಅಲ್ಲೇ ಇಟ್ಟಿದ್ದಳು. ಆಮೇಲೆ ಸೆರಗಿನ ತುದಿಯಿಂದ ಕಾರ್ಡಿನ ಮೇಲಿನ ತೌಡು ಒರೆಸಿದಳು. ಈಗ ದಿನಾ ಮೊದಲು ಕಾರ್ಡು ಒರೆಸಿ, ಆಮೇಲೆ ಅಂಗಳಕ್ಕೆ ಬಾರಿಗೆ ಹಚ್ಚುತ್ತಾಳೆ.

ನಿನ್ನ ಅಪ್ಪ
ಲಕ್ಷ್ಮಣಪ್ಪ